ನೀರಿನ ಬಾಟಲಿ, ಹರಳಿನ ನೋವು: ಪೋಷಕರಿಗೆ ಪತ್ರ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ,
ಮುಂಡರಗಿ ತಾಲೂಕು, ಗದಗ ಜಿಲ್ಲೆ

ಪೋಷಕರಿಗೆ ನಮಸ್ಕಾರ.

ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರದ ಬೇವಿನ ಗಿಡ ನೋಡಿ. ಇಂಥ ಬಿಸಿಲಲ್ಲೂ ಅದರ ಬುಡ ಹಸಿಯಾಗಿರುತ್ತದೆ. ಬಾಟಲಿ ತುಂಬಿಕೊಂಡೇ ಮನೆಗೆ ಹೋದರೆ ಅವ್ವ ಬೈತಾಳೆ ಅಂತ ಮಕ್ಕಳು ನೀರನ್ನೆಲ್ಲ ಅಲ್ಲಿ ಚೆಲ್ಲುತ್ತಾರೆ. ಯಾಕೆ ಕುಡಿಯಲಿಲ್ಲ ಅಂತ ಕೇಳಿದರೆ, "ಕುಡಿದ್ರ ಒಂದಕ್ಕ ಹೋಗಬೇಕಾಗ್ತೈತ್ರಿ ಟೀಚರ್" ಅನ್ನುತ್ತಾರೆ. ಹೆಣ್ಣುಮಕ್ಕಳಂತೂ ಸಂಜೆವರೆಗೂ ತಡೆದುಕೊಂಡೇ ಕೂರುತ್ತಾರೆ.

ಕಿಡ್ನಿ ಸ್ಟೋನ್, ಅಂದರೆ ಮೂತ್ರಪಿಂಡದ ಹರಳು, ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿ, ಮಕ್ಕಳಿಗೂ ಆಗುತ್ತದೆ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ, ಅದರಲ್ಲಿನ ಕ್ಯಾಲ್ಸಿಯಂ, ಆಕ್ಸಲೇಟ್ ಎಂಬ ಅಂಶಗಳು ಕೂಡಿ ಹರಳು ಕಟ್ಟುತ್ತವೆ. ಉಪ್ಪು ಜಾಸ್ತಿ ತಿಂದರೆ ಮೂತ್ರಕ್ಕೆ ಕ್ಯಾಲ್ಸಿಯಂ ಜಾಸ್ತಿ ಇಳಿಯುತ್ತದೆ. ಐದು ರೂಪಾಯಿಯ ಕುರುಕಲು ಪ್ಯಾಕೆಟ್ ಬಗ್ಗೆ ನಾನು ಪದೇ ಪದೇ ಹೇಳುವುದು ಇದಕ್ಕೇ. ಮೂತ್ರ ತಡೆದರೆ ಸೋಂಕಾಗಬಹುದು, ಕೆಲವು ಸೋಂಕುಗಳಿಂದಲೂ ಹರಳಾಗುತ್ತದೆ.

"ಬೋರಿನ ಸವಳು ನೀರೇ ಕಾರಣ" ಅಂತ ಹಲವರು ಹೇಳುತ್ತೀರಿ. ನಮ್ಮ ಭಾಗದ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ, ಹಲ್ಲು ಮೂಳೆಗೆ ಕೆಟ್ಟದ್ದು, ಹಾಗಾಗಿ ಶುದ್ಧ ನೀರಿನ ಘಟಕದ ನೀರನ್ನೇ ಕಳಿಸಿ. ಆದರೆ ಹರಳಿನ ಮಟ್ಟಿಗೆ ಎಂಥ ನೀರು ಅನ್ನುವುದಕ್ಕಿಂತ ಎಷ್ಟು ಕುಡಿದರು ಅನ್ನುವುದೇ ದೊಡ್ಡದು. ಸಣ್ಣ ತರಗತಿಯವರಿಗೆ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್, ದೊಡ್ಡ ತರಗತಿಯವರಿಗೆ ಎರಡು ಲೀಟರ್ ಹತ್ತಿರ ಬೇಕು. ಬಿಸಿಲಿಗೆ ಇನ್ನೂ ಜಾಸ್ತಿ. ಮೂತ್ರ ತಿಳಿಹಳದಿ ಇದ್ದರೆ ಸಾಕಷ್ಟು ಕುಡಿದಿದ್ದಾರೆ ಅಂತ ಅರ್ಥ. ಲಿಂಬೆ ಪಾನಕ ಒಳ್ಳೆಯದು, ಸಕ್ಕರೆ ಕಡಿಮೆ ಇರಲಿ.

ಇನ್ನೊಂದು ಮಾತು. ಹರಳಾಯಿತು ಅಂತ ಸುಮ್ನೆ ಹಾಲು, ಮೊಸರು ಬಿಡಿಸಬೇಡಿ. ಊಟದಲ್ಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ. ಅದು ಕಡಿಮೆಯಾದರೆ ಆಕ್ಸಲೇಟ್ ಮೂತ್ರಕ್ಕೆ ಹೋಗುತ್ತದೆ, ಉಲ್ಟಾ ಆಗುತ್ತದೆ ಅಲ್ವಾ? ಶಾಲೆಯ ಹಾಲನ್ನೂ ಕುಡಿಯಲಿ.

ಸಣ್ಣ ಮಕ್ಕಳಿಗೆ ನೋವು ಎಲ್ಲಿ ಅಂತ ಹೇಳಲು ಬರುವುದಿಲ್ಲ, ಹೊಟ್ಟೆನೋವು ಅಂತಷ್ಟೇ ಅನ್ನುತ್ತಾರೆ. ಶಾಲೆ ತಪ್ಪಿಸುವ ನೆಪ ಅಂತ ಬಿಟ್ಟುಬಿಡಬೇಡಿ. ಮೂತ್ರ ಕೆಂಪಗಾದರೆ, ಉರಿ ಇದ್ದರೆ, ಪದೇ ಪದೇ ನೋವು ಬಂದರೆ ತೋರಿಸಿ. ನೋವಿನ ಜೊತೆ ಜ್ವರ, ವಾಂತಿ ಇದ್ದರೆ ಅಥವಾ ಮೂತ್ರವೇ ನಿಂತರೆ ಅವತ್ತೇ ಗದಗಿನ ಜಿಮ್ಸ್ ಆಸ್ಪತ್ರೆಗೋ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಗೋ ಕರೆದೊಯ್ಯಿರಿ. ಬಾಳೆದಿಂಡಿನ ರಸ ಕುಡಿಸುತ್ತ ದಿನ ಕಳೆಯಬೇಡಿ. ಮೊದಲು ಹೊಟ್ಟೆಯ ಸ್ಕ್ಯಾನಿಂಗ್ ಮಾಡುತ್ತಾರೆ, ಅದರಿಂದ ನೋವಿಲ್ಲ. ಸಣ್ಣ ಹರಳು ಎಷ್ಟೋ ಸಲ ತಾನೇ ಹೋಗುತ್ತದೆ. ಹೋದ ಹರಳು ಸಿಕ್ಕರೆ ಎಸೆಯದೆ ಡಾಕ್ಟರಿಗೆ ಕೊಡಿ, ಪರೀಕ್ಷೆಗೆ ಬೇಕಾಗುತ್ತದೆ. ಮನೆಯಲ್ಲಿ ಬೇರೆ ಯಾರಿಗಾದರೂ ಹರಳಾಗಿದ್ದರೆ ಅದನ್ನೂ ಹೇಳಿ.

ಸೋಮವಾರದಿಂದ ದಿನಕ್ಕೆ ಮೂರು ಸಲ ನೀರಿನ ಗಂಟೆ ಹೊಡೆಯುತ್ತೇವೆ. ಪಾಠದ ನಡುವೆ ಒಂದಕ್ಕೆ ಕೇಳಿದರೆ ಯಾವ ಶಿಕ್ಷಕರೂ ತಡೆಯುವುದಿಲ್ಲ. ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಕಿತ್ತಿದೆ, ಮಕ್ಕಳು ಹೋಗದಿರಲು ಅದೂ ಕಾರಣ. ಹೊಸ ಚಿಲಕ ತಂದಿಟ್ಟಿದ್ದೇನೆ. ಬಡಿಗತನ ಬಲ್ಲವರು ಯಾರಾದರೂ ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಹಾಕಿಕೊಟ್ಟರೆ ಉಪಕಾರವಾಗುತ್ತದೆ.

ಇಂತಿ,
ಮುಖ್ಯೋಪಾಧ್ಯಾಯಿನಿ