ಧಾರವಾಡದಲ್ಲಿರುವ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಹೋದ ವಾರ ಬ್ಯಾಡಗಿಗೆ ಹೋಗಿದ್ದಾಗ ಅಕ್ಕನ ಕಿವಿ ಬರಿದಾಗಿರುವುದನ್ನು ಕಂಡು ವಿಚಾರಿಸಿದೆ. ನಿನ್ನ ಕೋಚಿಂಗ್ ಫೀ ಕಟ್ಟಲು ಬೆಂಡೋಲೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟು 60,000 ರೂಪಾಯಿ ಕೊಟ್ಟೆನೆಂದಳು. ಆ ಫೀ ಎರಡು ವರ್ಷದ ಹಿಂದೆಯೇ ತೀರಿದೆಯೆಂದು ನಾನು ಬಲ್ಲೆ, ಅದರಲ್ಲಿ ಅರ್ಧ ನನ್ನ ಹಣವೇ ಇತ್ತಲ್ಲ. ಅಕ್ಕ ಕೊಟ್ಟ ಹಣ ನೀನು ಫೋನಿನ ಆ್ಯಪಿನಲ್ಲಿ ಮಾಡಿದ ಸಾಲಕ್ಕೇ ಹೋಗಿರಬೇಕು. ಫೋನಿನಲ್ಲಿ ಕೇಳಿದರೆ ನೀನು ನೆಟ್‌ವರ್ಕ್ ಇಲ್ಲವೆನ್ನುವೆ, ಅದಕ್ಕೇ ಬರೆಯುತ್ತಿದ್ದೇನೆ.

ನೌಕರಿ ಸಿಗಲಿಲ್ಲವೆಂದು ನಿನ್ನನ್ನು ದೂರಲಾರೆ. 2021ರ ಅಕ್ಟೋಬರಿನಲ್ಲಿ ನೀನು ಬರೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದಿಂದಾಗಿ ರದ್ದಾಗಿ, ಮರುಪರೀಕ್ಷೆ ನಡೆಯುವಷ್ಟರಲ್ಲಿ 2024ರ ಜನವರಿ ಬಂದಿತ್ತು. ಅದೇ ವರ್ಷ ಆಗಸ್ಟಿನ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಭಾಷಾಂತರವೇ ಕೆಟ್ಟು, ಆ 384 ಹುದ್ದೆಗಳಿಗೆ ಡಿಸೆಂಬರಿನಲ್ಲಿ ಮತ್ತೊಮ್ಮೆ ಕೂರಬೇಕಾಯಿತು. ಕನ್ನಡದ ಪ್ರಶ್ನೆ ತಿಳಿಯಲು ಇಂಗ್ಲಿಷ್ ಓದಬೇಕಾದ ಆ ಹುಡುಗರ ಸಿಟ್ಟು ನ್ಯಾಯವಾದದ್ದೇ. ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿಯ 3,000 ರೂಪಾಯಿಯೂ 2022-23ರಿಂದೀಚೆಗೆ ಪದವಿ ಪಡೆದವರಿಗೆ, ನಿನಗಿಲ್ಲ.

ಆದರೆ ಸಾಲವನ್ನು ಮುಚ್ಚಿಟ್ಟದ್ದು ಯಾವ ಆಯೋಗದ ತಪ್ಪೂ ಅಲ್ಲ. ಇದನ್ನು ಹೇಳುವ ಯೋಗ್ಯತೆ ನನಗಿದೆ, ಏಕೆಂದರೆ ನಾನೂ ಅದನ್ನೇ ಮಾಡಿದವನು. ಹುಬ್ಬಳ್ಳಿಯಲ್ಲಿ ನಾನಿದ್ದ ನೂಲಿನ ಗಿರಣಿ ಮುಚ್ಚಿದಾಗ ಎರಡು ತಿಂಗಳು ಮನೆಯಲ್ಲಿ ತಿಳಿಸದೆ, ದಿನವೂ ಬುತ್ತಿ ಕಟ್ಟಿಸಿಕೊಂಡು ಹೋಗಿ ರೈಲ್ವೆ ನಿಲ್ದಾಣದ ಬೆಂಚಿನ ಮೇಲೆ ಉಂಡು, ಶಿಫ್ಟ್ ಬಿಡುವ ಹೊತ್ತಿಗೆ ಮರಳುತ್ತಿದ್ದೆ. ನಿಮ್ಮತ್ತೆ ಅಂಗಿ ಒಗೆಯುವಾಗ ಒಂದು ಎಳೆ ಅರಳೆಯೂ ಅಂಟಿಲ್ಲದ್ದನ್ನು ನೋಡಿ ಎಲ್ಲವನ್ನೂ ತಿಳಿದುಕೊಂಡಿದ್ದಳು. ಆದರೂ ನಾನಾಗಿಯೇ ಹೇಳಲಿ ಎಂದು ಹದಿನೈದು ದಿನ ಸುಮ್ಮನೆ ಬುತ್ತಿ ಕಟ್ಟಿದಳು. ಆ ಹದಿನೈದು ದಿನಗಳು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಆ ಎರಡು ತಿಂಗಳಲ್ಲಿ ಮಾಡಿದ ಕೈಗಡ ತೀರಿಸಲು ಮೂರು ವರ್ಷ ಹಿಡಿಯಿತು.

ನೂರಕ್ಕೆ ಒಂದು ರೂಪಾಯಿ ಬಡ್ಡಿಯೆಂದರೂ ಅಡವಿನ ಹಣಕ್ಕೆ ತಿಂಗಳಿಗೆ 600 ರೂಪಾಯಿ. ಅದನ್ನು ಕಟ್ಟಲು ಅಕ್ಕ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಾಳೆ. ರಾತ್ರಿ ಕೈಯುರಿ ತಾಳಲಾರದೆ ಮಜ್ಜಿಗೆಯಲ್ಲಿ ಬೆರಳು ಅದ್ದಿಕೊಂಡು ಕೂತಿದ್ದಳು. ಸಪ್ತಾಪುರದ ರೂಮಿನಲ್ಲಿ ಕೂತ ನಿನಗೆ ಇದು ಕಾಣುವುದಿಲ್ಲ. ಆ ಹಣವನ್ನು ಯಾವ ಆ್ಯಪಿನ ಸಾಲಕ್ಕೆ ಕಟ್ಟಿದೆ, ಇನ್ನೂ ಎಷ್ಟು ಉಳಿದಿದೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆ. ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, ಆದ್ದರಿಂದ ಅವರಿಗೆ ಹೆದರಿ ಇನ್ನೊಂದು ಸಾಲ ಮಾಡಬೇಡ.

ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸವನ್ನು ಪದವೀಧರನಿಗೆ ತಕ್ಕುದಲ್ಲವೆಂದು ನೀನು ಬಿಟ್ಟಿದ್ದೆ. ಅದಿನ್ನೂ ಖಾಲಿಯಿದೆ, ಮಧ್ಯಾಹ್ನದವರೆಗೆ ಮಾತ್ರ. ಪರೀಕ್ಷೆ ಬಿಡು ಎನ್ನುವುದಿಲ್ಲ, ಸಂಜೆ ಓದು.

ಅಮಾವಾಸ್ಯೆಗೆ ಊರಿಗೆ ಬಾ, ಆ ಹಾಳೆಯನ್ನೂ ತಾ. ಅಕ್ಕನಿಗೆ ನಾನೇನೂ ಹೇಳಿಲ್ಲ, ನೀನೇ ಹೇಳಬೇಕು.

ಇಂತು ನಿನ್ನ ಮಾವ