ಮೋಸಗಾರರ ಮೇಲಿನ ತೀರ್ಪಿನಲ್ಲಿ ಆಟಗಾರರಿಗೂ ಪಾಲಿರಲಿ

ಮಾನ್ಯ ಸಂಪಾದಕರೇ,

ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟ ಮೇಲೆ ನಮ್ಮಲ್ಲಿ ನಡೆದ ಚರ್ಚೆಯೆಲ್ಲ ಹಣ ಕಟ್ಟಿ ಆಡುವ ಆಟಗಳ ಸುತ್ತಲೇ ಸುತ್ತಿದೆ. ಅದು ಆಗಲೇಬೇಕಾಗಿದ್ದ ಚರ್ಚೆ. ಆದರೆ ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಅನ್ನು, ಅಂದರೆ ಪಂದ್ಯಾವಳಿಯಾಗಿ ಆಡುವ ವಿಡಿಯೊ ಆಟಗಳನ್ನು, ಸ್ಪರ್ಧಾತ್ಮಕ ಕ್ರೀಡೆಯೆಂದು ಮಾನ್ಯ ಮಾಡಿರುವುದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಕ್ರೀಡೆ ಎಂದು ಒಪ್ಪಿದ ಮೇಲೆ ಅಲ್ಲಿ ಮೋಸ ಮಾಡುವವರನ್ನು ಹಿಡಿಯುವವರು ಯಾರು, ಹೇಗೆ ಎಂಬ ಪ್ರಶ್ನೆಯೂ ಬರುತ್ತದೆ. ಅದರ ಬಗ್ಗೆ ಈ ಪತ್ರ.

ನಾನು ಪದವಿ ಕಾಲೇಜಿನ ಅಧ್ಯಾಪಕ. ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಬಂದೂಕು ಕಾಳಗದ ಮೊಬೈಲ್ ಆಟ, 2021ರ ಜುಲೈನಲ್ಲಿ ಬಂದಾಗಿನಿಂದ ಹಳೆಯ ವಿದ್ಯಾರ್ಥಿಗಳ ಜೊತೆ ಸ್ಕ್ವಾಡ್ (ತಂಡ) ಕಟ್ಟಿಕೊಂಡು ಆಡುತ್ತಿದ್ದೇನೆ. ನೂರು ಜನ ಒಂದು ದ್ವೀಪಕ್ಕೆ ಇಳಿದು, ಅರ್ಧ ಗಂಟೆ ಎಚ್ಚರದಿಂದ ಆಡಿ, ಕಿರಿದಾಗುತ್ತಾ ಹೋಗುವ ಆಟದ ಅಂಗಳದ ಕೊನೆಯ ವೃತ್ತದವರೆಗೆ ಉಳಿಯುವುದರಲ್ಲಿ ನಿಜವಾದ ಕೌಶಲ, ತಾಳ್ಮೆ, ಹೊಂದಾಣಿಕೆ ಇದೆ. ಗೋಡೆಯಾಚೆ ನಿಂತವರು ಕಾಣುವಂತೆ ಮಾಡುವ ಹ್ಯಾಕ್ (ಮೋಸದ ತಂತ್ರಾಂಶ) ಹಾಕಿಕೊಂಡ ಒಬ್ಬನೇ ಒಬ್ಬ ಆ ಪಂದ್ಯಕ್ಕೆ ಬಂದರೆ ಉಳಿದ ತೊಂಬತ್ತೊಂಬತ್ತು ಜನರ ಆಟ ಹಾಳು.

ಕಂಪನಿಗಳು ಕೈಕಟ್ಟಿ ಕುಳಿತಿವೆ ಎಂದು ನಾನು ಹೇಳುವುದಿಲ್ಲ. ಬಿಜಿಎಂಐ ನಡೆಸುವ ಕ್ರಾಫ್ಟನ್ ಎಷ್ಟು ಖಾತೆಗಳನ್ನು ನಿಷೇಧಿಸಿತೆಂದು ಪ್ರಕಟಣೆ ಹೊರಡಿಸುತ್ತಾ ಬಂದಿದೆ. 2021ರ ಡಿಸೆಂಬರ್‌ನಲ್ಲಿ ಖಾತೆಯ ಜೊತೆಗೆ ಫೋನನ್ನೇ ನಿಷೇಧಿಸುವ ಕ್ರಮವನ್ನೂ ತಂದಿತು. ಆದರೂ ತಂತ್ರಾಂಶವೊಂದೇ ಈ ಕೆಲಸ ಮಾಡಲಾರದು. ಎದುರಾಳಿಯನ್ನು ಪರದೆಯ ಮೇಲೆ ಚಿತ್ರಿಸಬೇಕಾದರೆ ಅವನು ಎಲ್ಲಿದ್ದಾನೆಂಬ ಮಾಹಿತಿ ಮೊದಲೇ ನಮ್ಮ ಫೋನಿಗೆ ಬಂದಿರಬೇಕು. ಹ್ಯಾಕ್ ಆ ಮಾಹಿತಿಯನ್ನು ಫೋನಿನ ಒಳಗೇ ಕದ್ದು ಓದುತ್ತದೆ. ಓದುವ ದಾರಿಯೊಂದನ್ನು ಮುಚ್ಚಿದರೆ ಟೆಲಿಗ್ರಾಂನಲ್ಲಿ ಅದನ್ನು ಮಾರುವವರು ಇನ್ನೊಂದನ್ನು ತೆರೆಯುತ್ತಾರೆ. ಇನ್ನು ಚಾಲಾಕಿ ಮೋಸಗಾರ ಎಲ್ಲ ಗುಂಡುಗಳನ್ನೂ ತಲೆಗೇ ಹೊಡೆಯುವುದಿಲ್ಲ. ಸಂಶಯ ಬಾರದ ಹಾಗೆ ಆಗಾಗ ಗುರಿ ತಪ್ಪಿಸುತ್ತಾನೆ, ಕೆಲವು ಪಂದ್ಯಗಳನ್ನು ಬೇಕೆಂದೇ ಸೋಲುತ್ತಾನೆ. ಅಂಕಿಗಳನ್ನಷ್ಟೇ ನೋಡುವ ಯಂತ್ರಕ್ಕೆ ಅವನು ಒಳ್ಳೆಯ ಆಟಗಾರನಂತೆಯೇ ಕಾಣುತ್ತಾನೆ.

ಅನುಭವಿ ಆಟಗಾರನಿಗೆ ಅವನು ಹಾಗೆ ಕಾಣುವುದಿಲ್ಲ. ಜಾತ್ರೆಯ ಕುಸ್ತಿಯಲ್ಲಿ ಪೈಲ್ವಾನನೊಬ್ಬ ಮೈಗೆ ಎಣ್ಣೆ ಸವರಿಕೊಂಡು ಅಖಾಡಕ್ಕೆ ಇಳಿದರೆ ತೀರ್ಪುಗಾರನಿಗಿಂತ ಮೊದಲು ಅದು ತಿಳಿಯುವುದು ಅವನನ್ನು ಹಿಡಿಯಲು ಹೋದವನಿಗೆ. ಇಲ್ಲಿಯೂ ಹಾಗೆಯೇ. ಹೆಜ್ಜೆ ಸಪ್ಪಳವೂ ಕೇಳದ ದೂರದಲ್ಲಿ, ಗುಡ್ಡದ ಹಿಂದೆ ಓಡುತ್ತಿರುವವನ ಜೊತೆ ಜೊತೆಗೇ ಒಬ್ಬನ ಬಂದೂಕಿನ ತುದಿ ಸರಿಯುತ್ತಾ ಹೋಗುತ್ತದೆ. ಯಾರಾದರೂ ಅಡಗಿರಬಹುದಾದ ಮನೆಯೊಳಗೆ ಬಾಗಿಲ ಮೂಲೆಯನ್ನೂ ನೋಡದೆ ನುಗ್ಗುತ್ತಾನೆ. ಜನರಿರುವ ಮನೆಯ ಮುಂದೆ ಮಾತ್ರ ಬಾಂಬಿನ ಪಿನ್ ಎಳೆದು ನಿಲ್ಲುತ್ತಾನೆ. ಹೊಗೆಯ ಮರೆಯಲ್ಲಿ ಗಾಯಗೊಂಡ ಸಂಗಾತಿಯನ್ನು ಎತ್ತುತ್ತಿರುವವನಿಗೆ ಮೊದಲ ಗುಂಡೇ ತಗಲುತ್ತದೆ. ಇವುಗಳಲ್ಲಿ ಯಾವುದೋ ಒಂದನ್ನು ಹಿಡಿದುಕೊಂಡು ಮೋಸ ಎನ್ನಲಾಗದು. ಇಡೀ ಪಂದ್ಯವನ್ನು ಅವನ ಕಣ್ಣಿನಿಂದ ಮತ್ತೆ ನೋಡಿದರೆ, ಆಟ ಬಲ್ಲವನಿಗೆ ಹತ್ತು ನಿಮಿಷದಲ್ಲಿ ವಿಷಯ ತಿಳಿಯುತ್ತದೆ.

ಈ ಅರಿವನ್ನು ಬಳಸಿಕೊಂಡ ಉದಾಹರಣೆ ಜಗತ್ತಿನಲ್ಲಿದೆ. ಕೌಂಟರ್-ಸ್ಟ್ರೈಕ್ ಎಂಬ ಕಂಪ್ಯೂಟರ್ ಆಟದಲ್ಲಿ ವಾಲ್ವ್ ಕಂಪನಿ 2013ರಲ್ಲಿ ಓವರ್‌ವಾಚ್ ಎಂಬ ವ್ಯವಸ್ಥೆ ತಂದಿತು. ಹೆಚ್ಚು ಪಂದ್ಯ ಗೆದ್ದ, ತಮ್ಮ ಮೇಲೆ ದೂರುಗಳಿಲ್ಲದ ಆಟಗಾರರನ್ನು ಅದು ತನಿಖೆಗಾರರನ್ನಾಗಿ ಆರಿಸುತ್ತಿತ್ತು. ದೂರು ಬಂದವನ ಪಂದ್ಯದ ಎಂಟು ಸುತ್ತುಗಳ ದಾಖಲೆಯನ್ನು ಅವರಿಗೆ ತೋರಿಸುತ್ತಿತ್ತು. ಆಡುವವನ ಹೆಸರಿಲ್ಲ, ಮಾತುಕತೆಯಿಲ್ಲ, ‘ಶಂಕಿತ’ ಎಂದಷ್ಟೇ. ಗೆಳೆಯನೆಂದು ಬಿಡುವಂತಿಲ್ಲ, ಹಗೆಯೆಂದು ಹೊಡೆಯುವಂತಿಲ್ಲ. ಸಂಶಯಾತೀತವಾಗಿ ಸಾಬೀತಾಗಿದೆ, ಇಲ್ಲವೇ ಸಾಕ್ಷ್ಯ ಸಾಲದು, ಇವೆರಡರಲ್ಲಿ ಒಂದನ್ನು ಆರಿಸಬೇಕಿತ್ತು. ಹಲವರ ಅಭಿಪ್ರಾಯ ಕೂಡಿದರೆ ಮಾತ್ರ ಶಿಕ್ಷೆ. ಉತ್ತರ ಮೊದಲೇ ಗೊತ್ತಿರುವ ಪ್ರಕರಣಗಳನ್ನು ನಡುನಡುವೆ ಇಟ್ಟು ತನಿಖೆಗಾರರನ್ನೇ ಪರೀಕ್ಷಿಸುತ್ತಿದ್ದರು. ಸರಿಯಾಗಿ ನೋಡುವವರ ಮಾತಿಗೆ ಹೆಚ್ಚು ತೂಕ. ಮುಂದೆ ಆ ಕಂಪನಿ ಮೋಸ ಹಿಡಿಯುವ ಕೃತಕ ಬುದ್ಧಿಮತ್ತೆಯನ್ನು ತಯಾರಿಸಿದಾಗ ಅದಕ್ಕೆ ಪಾಠ ಹೇಳಿದ್ದು ಈ ಆಟಗಾರರ ತೀರ್ಪುಗಳೇ. ಯಂತ್ರ ಶಂಕಿತರನ್ನು ಆರಿಸಿ ಮುಂದಿಟ್ಟರೂ ಕೊನೆಯ ಮಾತು ಮನುಷ್ಯರದ್ದಾಗಿತ್ತು. ಈ ಎರಡನೆಯ ಭಾಗವೇ ನನಗೆ ಬಹಳ ಮುಖ್ಯವೆನಿಸುತ್ತದೆ.

ಮೊಬೈಲ್ ಆಟಕ್ಕೆ ಇದು ಆಗದ ಮಾತೂ ಅಲ್ಲ. ಪಂದ್ಯದ ದಾಖಲೆ ಎಂದರೆ ದೊಡ್ಡ ವಿಡಿಯೊವೇ ಆಗಬೇಕಿಲ್ಲ. ಯಾವ ಕ್ಷಣದಲ್ಲಿ ಯಾರು ಎಲ್ಲಿದ್ದರು, ಎತ್ತ ನೋಡುತ್ತಿದ್ದರು, ಏನು ಮಾಡಿದರು ಎಂಬ ಮಾಹಿತಿ ಇದ್ದರೆ ಆಟವೇ ಅದನ್ನು ಮತ್ತೆ ಕಣ್ಣ ಮುಂದೆ ತರುತ್ತದೆ. ಪಬ್‌ಜಿ ಮೊಬೈಲ್ ಕೂಡ ಆಯ್ದ ಆಟಗಾರರಿಗೆ ಶಂಕಿತ ಪಂದ್ಯಗಳನ್ನು ತೋರಿಸಿ ಅಭಿಪ್ರಾಯ ಪಡೆಯುವ ಪ್ರಯತ್ನ ಮಾಡಿದೆ. ಇಂಥ ವ್ಯವಸ್ಥೆ ಭಾರತದಲ್ಲಿ ನಡೆಯುವ ಪ್ರತಿಯೊಂದು ದೊಡ್ಡ ಸ್ಪರ್ಧಾತ್ಮಕ ಆಟದಲ್ಲೂ ಇರಬೇಕು, ಕಂಪನಿಯ ಮರ್ಜಿಗೆ ಬಿಡದೆ ಅದನ್ನು ನಿಯಮವನ್ನಾಗಿ ಮಾಡಬೇಕು ಎಂಬುದು ನನ್ನ ಒತ್ತಾಯ. ಇ-ಸ್ಪೋರ್ಟ್ಸ್‌ಗೆ ಸರ್ಕಾರ ರೂಪಿಸುವ ಮಾರ್ಗಸೂಚಿಗಳಲ್ಲಿ ಇದಕ್ಕೆ ಜಾಗ ಸಿಗಬೇಕು.

ಈಗ ನಮ್ಮ ಕೈಯಲ್ಲಿರುವುದು ದೂರಿನ ಗುಂಡಿ ಒಂದೇ. ಅದನ್ನು ಒತ್ತಿದ ಮೇಲೆ ಕೆಲವೊಮ್ಮೆ ಕ್ರಮ ಕೈಗೊಂಡಿದ್ದೇವೆ ಎಂಬ ಸಿದ್ಧ ಸಂದೇಶ ಬರುತ್ತದೆ, ಬಹಳ ಸಲ ಏನೂ ಬರುವುದಿಲ್ಲ. ಯಾವುದನ್ನು ನೋಡಿ ನಿರ್ಧರಿಸಿದರು ಎಂಬುದು ದೂರು ಕೊಟ್ಟವನಿಗೂ ತಿಳಿಯದು, ಶಿಕ್ಷೆಯಾದವನಿಗೂ ತಿಳಿಯದು. ಇದರಿಂದ ಎರಡು ಕೇಡು. ಪ್ರಾಮಾಣಿಕರು ದೂರು ಕೊಡುವುದನ್ನೇ ಬಿಡುತ್ತಾರೆ. ಇನ್ನೊಂದೆಡೆ, ತಮ್ಮ ಆಟವನ್ನು ನೇರಪ್ರಸಾರ ಮಾಡುವ ಜನಪ್ರಿಯ ಸ್ಟ್ರೀಮರ್ ಒಬ್ಬರು ಸೋತ ಸಿಟ್ಟಿನಲ್ಲಿ ಯಾರನ್ನೋ ಹ್ಯಾಕರ್ ಎಂದರೆ ಅಭಿಮಾನಿಗಳು ಹಿಂದೆಮುಂದೆ ನೋಡದೆ ಅವನ ಮೇಲೆ ದೂರು ಸುರಿಯುತ್ತಾರೆ. ಬರೀ ಚೆನ್ನಾಗಿ ಆಡಿದ ತಪ್ಪಿಗೆ ಹುಡುಗನೊಬ್ಬ ಬೈಗುಳ ತಿನ್ನುತ್ತಾನೆ. ಗುಂಪಿಗೆ ಬಲ ಕೊಡಿ ಎಂದು ನಾನು ಕೇಳುತ್ತಿಲ್ಲ. ದೂರುಗಳ ಸಂಖ್ಯೆ ಯಾರನ್ನೂ ಅಪರಾಧಿಯನ್ನಾಗಿ ಮಾಡಬಾರದು. ಹೆಸರು ಗೊತ್ತಿಲ್ಲದೆ ಪಂದ್ಯವನ್ನು ನೋಡಿದ ಹಲವರ ತೀರ್ಪು ಮಾತ್ರ ಅದನ್ನು ನಿರ್ಧರಿಸಬೇಕು.

ಶಿಕ್ಷೆಯಾದವನಿಗೆ ಮೇಲ್ಮನವಿಯ ದಾರಿಯೂ ಬೇಕು. ನಮ್ಮ ಊರುಗಳಲ್ಲಿ ಅಣ್ಣ ತಮ್ಮ ಇಬ್ಬರೂ ಒಂದೇ ಫೋನಿನಲ್ಲಿ ಆಡುತ್ತಾರೆ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ಎಷ್ಟೋ ಜನ. ನನ್ನ ಪರಿಚಯದ ವಿದ್ಯಾರ್ಥಿಯೊಬ್ಬ ಹೀಗೆ ಫೋನ್ ಕೊಂಡು ಆಟ ತೆರೆದರೆ, ಅದು ಮೊದಲೇ ನಿಷೇಧಕ್ಕೊಳಗಾಗಿತ್ತು. ಹಿಂದಿನ ಮಾಲೀಕ ಮಾಡಿದ್ದಕ್ಕೆ ತಾನು ಹೊಣೆಯಲ್ಲ ಎಂದು ಬರೆದ ಮನವಿಗೆ ಅವನಿಗೆ ಸಿಕ್ಕಿದ್ದು ಇಂಗ್ಲಿಷಿನ ಸಿದ್ಧ ಉತ್ತರ. ದೂರು, ಮನವಿ, ಕಾರಣ ಇವೆಲ್ಲ ಕನ್ನಡದಲ್ಲೂ ನಡೆಯಬೇಕೆಂದು ಕೇಳುವುದು ಅತಿಯಾದ ಆಸೆಯಲ್ಲ.

ತನಿಖೆಗಾರರು ಹದಿನೆಂಟು ತುಂಬಿದವರೇ ಆಗಿರಬೇಕು, ಅವರ ಗುರುತು ಗುಟ್ಟಾಗಿ ಉಳಿಯಬೇಕು. ಆಟದೊಳಗಿನ ಸಣ್ಣ ಬಹುಮಾನ ಕೊಟ್ಟರೂ ಸಾಕು. ಕಂಪನಿ ತನ್ನ ಸಂಬಳದ ನೌಕರರನ್ನು ಕಡಿಮೆ ಮಾಡಲು ಇದನ್ನು ನೆಪ ಮಾಡಿಕೊಳ್ಳಬಾರದು, ಅಷ್ಟೇ.

ಆಟವಲ್ಲವೇ, ಇಷ್ಟು ಏಕೆ ತಲೆಕೆಡಿಸಿಕೊಳ್ಳಬೇಕು ಎನ್ನುವ ಪೋಷಕರಿಗೆ ಒಂದು ಮಾತು. ಮಕ್ಕಳು ಹ್ಯಾಕ್ ಎಂದು ಇಳಿಸಿಕೊಳ್ಳುವ ಎಪಿಕೆ (ಆ್ಯಂಡ್ರಾಯ್ಡ್ ಆ್ಯಪ್) ಕಡತಗಳು ಪ್ಲೇ ಸ್ಟೋರ್‌ನಿಂದ ಬಂದವಲ್ಲ. ಅವು ಕೇಳುವ ಅನುಮತಿಗಳನ್ನೆಲ್ಲ ಕೊಟ್ಟರೆ ನಿಮ್ಮ ಯುಪಿಐ, ನಿಮ್ಮ ಒಟಿಪಿ ಸಂದೇಶಗಳು ಇರುವ ಅದೇ ಫೋನು ಯಾರದೋ ಕೈಗೆ ಸಿಗಬಹುದು. ಇನ್ನು ಕ್ರೀಡೆಯ ಮಟ್ಟಕ್ಕೆ ಬಂದರೆ, 2018ರಲ್ಲಿ ಶಾಂಘೈನ ಎಕ್ಸ್‌ಟ್ರೀಮ್ಸ್‌ಲ್ಯಾಂಡ್ ಟೂರ್ನಿಯಲ್ಲಿ ಭಾರತದ ಆಟಗಾರನೊಬ್ಬನ ಕಂಪ್ಯೂಟರಿನಲ್ಲಿ ಮೋಸದ ತಂತ್ರಾಂಶ ಸಿಕ್ಕಿ ಇಡೀ ತಂಡ ಅನರ್ಹಗೊಂಡಿತು. ಉಳಿದ ನಾಲ್ವರ ಶ್ರಮವೂ ಅಲ್ಲಿಗೆ ಮುಗಿಯಿತು.

ಕೊನೆಯದಾಗಿ, ಕಾಲೇಜು ಉತ್ಸವಗಳಲ್ಲಿ ಇಂಥ ಪಂದ್ಯಾವಳಿ ನಡೆಸುವವರಲ್ಲಿ ಒಂದು ಕೋರಿಕೆ. ಕಂಪನಿಗಳು ಬದಲಾಗುವವರೆಗೆ ನೀವು ಕಾಯಬೇಕಿಲ್ಲ. ಪ್ರತಿ ಆಟಗಾರನ ಪರದೆಯ ದಾಖಲೆಯನ್ನು ಕಡ್ಡಾಯ ಮಾಡಿ. ಆಕ್ಷೇಪ ಬಂದರೆ ಸ್ಪರ್ಧೆಯಲ್ಲಿಲ್ಲದ ಐವರು ಅನುಭವಿ ಆಟಗಾರರಿಗೆ ಹೆಸರು ಮುಚ್ಚಿ ಅದನ್ನು ತೋರಿಸಿ, ಅವರ ತೀರ್ಪನ್ನು ಕಾರಣಸಹಿತ ಬರೆಸಿ ಎರಡೂ ತಂಡಗಳ ಕೈಗೆ ಕೊಡಿ. ಬಹುಮಾನ ವಿತರಣೆಯನ್ನು ಅಲ್ಲಿಯವರೆಗೆ ತಡೆಹಿಡಿಯಿರಿ.

— ಒಬ್ಬ ಅಧ್ಯಾಪಕ, ದಾವಣಗೆರೆ