ಸಂಪಾದಕರ ಮಾತು: ಡಾಕ್ಟರ್ ಅಕ್ಕ ಊರಿಗೆ ಹೊರಟಿದ್ದಾರೆ

ಎಲ್ಲರಿಗೂ ಯುಗಾದಿಯ ಶುಭಾಶಯ. ಪತ್ರಿಕೆ ಇವತ್ತು ರಾತ್ರಿಯೇ ಪ್ರಿಂಟಿಗೆ ಹೋಗಬೇಕು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ನಮ್ಮ ಡಾಕ್ಟರ್ ಅಕ್ಕ ನಿವೃತ್ತರಾಗಿದ್ದಾರೆ. ಹಬ್ಬ ಮುಗಿಸಿಕೊಂಡು ಟೊರಾಂಟೊ ಬಿಟ್ಟು ದಾವಣಗೆರೆಗೆ ಹೊರಡುತ್ತಾರೆ, ಇನ್ನು ಅಲ್ಲೇ ಇರುತ್ತಾರೆ. ಕಳೆದ ಭಾನುವಾರ ಕನ್ನಡ ತರಗತಿಯಲ್ಲಿ ಒಬ್ಬ ಪುಟ್ಟ ಹುಡುಗಿ ಕೇಳಿದಳು, "ಅಜ್ಜಿ, ಲ್ಯಾಬಲ್ಲಿ ಇಷ್ಟು ವರ್ಷ ಏನ್ ಮಾಡ್ತಿದ್ರಿ?" ಅಕ್ಕ ಅಂದರು, "ರಕ್ತ ಎಲ್ಲಿ ಹುಟ್ಟುತ್ತೆ ಅಂತ ನೋಡ್ತಿದ್ದೆ ನೋಡವ್ವ."

ನನಗೆ ತಕ್ಷಣ ನಮ್ಮ ಓಣಿ ನೆನಪಾಯಿತು. ನಾನೂ ದಾವಣಗೆರೆಯವನೇ. ಆಗ ಕಾಟನ್ ಮಿಲ್ಲುಗಳು ನಡೆಯುತ್ತಿದ್ದವು. ಮಿಲ್ಲು ಕೂಗಿದರೆ ಅಮ್ಮ ಒಲೆ ಹಚ್ಚುತ್ತಿದ್ದಳು. ಪಕ್ಕದ ಮನೆಯ ಹುಡುಗ ನನಗಿಂತ ಸ್ವಲ್ಪ ದೊಡ್ಡವನು. ಅವರಪ್ಪ ಮಿಲ್ಲಿನಲ್ಲಿದ್ದರು. ಸಂಜೆ ಇಬ್ಬರಿಗೂ ಒಂದೇ ಪೊಟ್ಟಣ ಮಂಡಕ್ಕಿ, ಮಿರ್ಚಿ ಮಾತ್ರ ಯಾವಾಗಲೂ ಅವನಿಗೆ. ಒಂದು ಬೇಸಿಗೆಯಲ್ಲಿ ಅವನು ಲಗೋರಿ ಆಡುತ್ತಾ ಆಡುತ್ತಾ ಕಟ್ಟೆ ಮೇಲೆ ಕೂತುಬಿಡತೊಡಗಿದ. ಪೆಟ್ಟು ಬೀಳದಿದ್ದರೂ ಕಾಲ ಮೇಲೆ ನೀಲಿ ಕಲೆ. ವಸಡಲ್ಲಿ ರಕ್ತ. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ಇಷ್ಟೇ: ಇವನ ಮೂಳೆಯೊಳಗೆ ರಕ್ತ ಹುಟ್ಟೋದೇ ನಿಂತುಹೋಗಿದೆ. ಶಿಫ್ಟ್ ಮುಗಿಸಿದ ಮಿಲ್ಲಿನವರು ಹಾಗೇ ಹತ್ತಿ ಮೆತ್ತಿದ ಬಟ್ಟೆಯಲ್ಲೇ ರಕ್ತ ಕೊಡಲು ಹೋಗಿ ನಿಂತರು. ನಮ್ಮಪ್ಪನೂ ಕೊಟ್ಟರು. ರಕ್ತ ಏರಿಸಿದಾಗ ಅವನ ಮುಖ ಕೆಂಪಗಾಗುತ್ತಿತ್ತು, ಕೆಲವು ವಾರ ಬಿಟ್ಟು ಮತ್ತೆ ಬಿಳಿಚಿಕೊಳ್ಳುತ್ತಿತ್ತು. ಆ ವರ್ಷದ ದುಗ್ಗಮ್ಮನ ಜಾತ್ರೆ ಅವನು ನೋಡಲಿಲ್ಲ. ಅವನಿಗೆ ಇಬ್ಬರು ತಂಗಿಯರಿದ್ದರು. ಅವರ ಮಜ್ಜೆ, ಅಂದರೆ ಮೂಳೆಯೊಳಗೆ ರಕ್ತ ಹುಟ್ಟಿಸುವ ಮೆದು ಭಾಗ, ಇವನಿಗೆ ಹೊಂದುತ್ತದಾ ಅಂತ ನೋಡುವ ಮಾತೇ ನಮ್ಮ ಕಡೆ ಆಗ ಇರಲಿಲ್ಲ. ಭಾರತದಲ್ಲಿ ಮೊದಲ ಮಜ್ಜೆ ಕಸಿ ನಡೆದದ್ದು 1983ರಲ್ಲಿ, ಮುಂಬಯಿಯ ಟಾಟಾ ಮೆಮೋರಿಯಲ್‌ನಲ್ಲಿ.

ಊರೆಲ್ಲ ಕೊಟ್ಟ ರಕ್ತ ಅವನಿಗೆ ಯಾಕೆ ಸಾಕಾಗಲಿಲ್ಲ ಅಂತ ನನಗೆ ಬಿಡಿಸಿ ಹೇಳಿದವರು ಅಕ್ಕ. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಹತ್ತು ದಿನವೂ ಕಷ್ಟ. ಮಜ್ಜೆಯಲ್ಲಿರುವ ಸ್ಟೆಮ್ ಸೆಲ್‌ಗಳು ಇವನ್ನೆಲ್ಲ ದಿನವೂ ಹುಟ್ಟಿಸುತ್ತಲೇ ಇರಬೇಕು. ಬಿತ್ತನೆಗೆ ಎತ್ತಿಟ್ಟ ಜೋಳದ ಹಾಗೆ ಅವು ತೀರಾ ಕಡಿಮೆ, ಆದರೆ ಮುಂದಿನ ಬೆಳೆಯೆಲ್ಲ ಅವುಗಳಿಂದಲೇ.

ಇದನ್ನು ಪ್ರಯೋಗದಲ್ಲಿ ತೋರಿಸಿದ್ದು ನಾವಿರುವ ಇದೇ ಟೊರಾಂಟೊದಲ್ಲಿ ಅನ್ನೋದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಜೇಮ್ಸ್ ಟಿಲ್ ಭೌತವಿಜ್ಞಾನಿ, ಅರ್ನೆಸ್ಟ್ ಮೆಕಲಕ್ ವೈದ್ಯರು. ವಿಕಿರಣದಿಂದ ಮಜ್ಜೆ ಸತ್ತ ಇಲಿಗಳಿಗೆ ಇನ್ನೊಂದು ಇಲಿಯ ಮಜ್ಜೆ ಕೊಟ್ಟರು. ಹತ್ತು ದಿನ ಕಳೆದು ನೋಡಿದರೆ ಗುಲ್ಮದ (ಸ್ಪ್ಲೀನ್) ಮೇಲೆ ಹೊಸ ರಕ್ತಕೋಶಗಳ ಗಂಟುಗಳು. ಮಜ್ಜೆ ಜಾಸ್ತಿ ಕೊಟ್ಟಷ್ಟೂ ಗಂಟು ಜಾಸ್ತಿ. ಅದನ್ನು ಪ್ರಕಟಿಸಿದ್ದು 1961ರಲ್ಲಿ. ಒಂದೊಂದು ಗಂಟೂ ಒಂದೊಂದೇ ಕೋಶದಿಂದ ಬೆಳೆದದ್ದು ಅಂತ 1963ರಲ್ಲಿ ಖಚಿತವಾಯಿತು. ಅದೇ 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್, ಕೆಲಸಕ್ಕೆ ಬಾರದ್ದು ಅಂದುಕೊಂಡಿದ್ದ ಥೈಮಸ್ ಗ್ರಂಥಿ ರೋಗದ ವಿರುದ್ಧ ಹೋರಾಡಲು ಬೇಕೇ ಬೇಕು ಅಂತ ತೋರಿಸಿದರು.

ದಾವಣಗೆರೆಯ ಜೆ.ಜೆ.ಎಂ. ಕಾಲೇಜಿನಲ್ಲಿ ಎಂಬಿಬಿಎಸ್ ಓದಿದ ಅಕ್ಕ ಈ ಎರಡರ ನಡುವಿನ ದಾರಿ ಹಿಡಿದರು. ಮಜ್ಜೆಯಿಂದ ಹೊರಟ ಕೋಶ ಎದೆಮೂಳೆಯ ಹಿಂದಿನ ಥೈಮಸ್ ಸೇರಿ ಹೇಗೆ ಟಿ ಕೋಶವಾಗುತ್ತದೆ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣವಾಗುತ್ತದೆ, ಅನ್ನೋದು ಅವರ ಕೆಲಸ. ಅಲ್ಲಿ 'ನಾಚ್' ಎಂಬ ಸಂಕೇತ ಸಿಗದಿದ್ದರೆ ಅದು ಟಿ ಕೋಶ ಆಗುವುದಿಲ್ಲ. ಒಳಗೆ ಹೋದವುಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ನಮ್ಮ ಮೈಯನ್ನೇ ತಿನ್ನಲು ಹೊರಡುವಂಥವನ್ನು ಥೈಮಸ್ ಅಲ್ಲೇ ತಡೆಯುತ್ತದೆ. ಕಸಿ ಆದವರಲ್ಲಿ ಬೇರೆ ರಕ್ತಕಣಗಳು ವಾರಗಳಲ್ಲಿ ಮರಳುತ್ತವೆ, ಟಿ ಕೋಶಗಳಿಗೆ ಮಾತ್ರ ತಿಂಗಳುಗಟ್ಟಲೆ ಬೇಕು. ವಯಸ್ಸಾದಂತೆ ಥೈಮಸ್ ಸೊರಗುವುದರಿಂದ ದೊಡ್ಡವರಿಗೆ ಇನ್ನೂ ನಿಧಾನ. ಅಷ್ಟರಲ್ಲಿ ಸೋಂಕು ತಗಲಿದರೆ? ಅಕ್ಕನ ಎಷ್ಟೋ ಚಳಿಗಾಲಗಳು ಈ ಪ್ರಶ್ನೆಯ ಹಿಂದೆ ಹೋದವು. ಇಂಥ ಕೆಲಸಕ್ಕೆ ಹಾರ ತುರಾಯಿ ಬರುವುದಿಲ್ಲ. ನನಗಂತೂ ಅವರ ಬಗ್ಗೆ ತುಂಬಾ ಹೆಮ್ಮೆ.

ಕಸಿಗೆ ಮಜ್ಜೆ ಕೊಡುವವರ ಎಚ್‌ಎಲ್‌ಎ, ಅಂದರೆ ಕೋಶಗಳ ಮೇಲಿನ ಗುರುತು, ರೋಗಿಯದಕ್ಕೆ ಹೊಂದಬೇಕು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಲ್ಲಿ ಸಿಗದಿದ್ದರೆ ಹೊಂದುವವರು ಸಿಗುವುದು ಹೆಚ್ಚಾಗಿ ನಮ್ಮ ಕಡೆಯ ಜನರಲ್ಲೇ. ನೋಂದಣಿ ಪಟ್ಟಿಯಲ್ಲಿ ನಮ್ಮವರೇ ಕಡಿಮೆ. ಯುಗಾದಿ ಕಾರ್ಯಕ್ರಮದ ದಿನ ಅಕ್ಕ ಹಾಲ್‌ನ ಬಾಗಿಲ ಬಳಿ ಟೇಬಲ್ ಹಾಕಿ ಕೂರುತ್ತಾರೆ. ಕೆನಡಿಯನ್ ಬ್ಲಡ್ ಸರ್ವಿಸಸ್‌ನ ಪಟ್ಟಿಗೆ 17ರಿಂದ 35 ವರ್ಷದವರು ಸೇರಬಹುದು. ಕೆನ್ನೆಯ ಒಳಗೆ ಹತ್ತಿಕಡ್ಡಿ ಸವರಿ ಕೊಟ್ಟರೆ ಆಯಿತು. ಮುಂದೆ ಕರೆ ಬಂದರೂ ಹೆಚ್ಚಿನ ಸಲ ತೋಳಿನ ರಕ್ತದಿಂದಲೇ ಸ್ಟೆಮ್ ಸೆಲ್ ತೆಗೆಯುತ್ತಾರೆ. ದಯವಿಟ್ಟು ಮಕ್ಕಳನ್ನು ಕಳಿಸಿ.

ಇನ್ನುಳಿದದ್ದು ಬೇಗ ಬೇಗ: ಕಾರ್ಯಕ್ರಮ ಶನಿವಾರ ಮಧ್ಯಾಹ್ನ 3ಕ್ಕೆ, ಯಾವಾಗಿನ ಹಾಲ್‌ನಲ್ಲೇ. ಮಕ್ಕಳ ಹಾಡಿಗೆ ಹೆಸರು ಬುಧವಾರದೊಳಗೆ ಕೊಡಿ. ಬೆಣ್ಣೆ ದೋಸೆಗೆ ಇನ್ನೆರಡು ದೊಡ್ಡ ಕಾವಲಿ ಬೇಕು. ಸದಸ್ಯತ್ವದ ಹಣ ಬಾಕಿ ಇರುವವರು ಅಲ್ಲೇ ಕಟ್ಟಬಹುದು. ಅಕ್ಕನ ಬೀಳ್ಕೊಡುಗೆ ಊಟಕ್ಕೆ ಮುಂಚೆ, ತಡ ಮಾಡಬೇಡಿ.

ಇನ್ನೊಂದು ಮಾತು. ಈ ಪತ್ರಿಕೆಯ ಪ್ರತಿ ಪುಟದ ತಪ್ಪು ತಿದ್ದುತ್ತಿದ್ದವರೂ ಅಕ್ಕನೇ. ಮುಂದಿನ ಸಂಚಿಕೆಗೆ ಕರಡು ನೋಡಲು ಒಬ್ಬರು, ಪುಟ ಜೋಡಿಸಲು ಒಬ್ಬರು ಬೇಕೇ ಬೇಕು. ಕೆಲಸ ಮುಗಿಸಿ ಬಂದು ಒಬ್ಬನೇ ಇಷ್ಟೆಲ್ಲ ಮಾಡಲು ನನ್ನಿಂದ ಇನ್ನು ಆಗುತ್ತಿಲ್ಲ. ವಾರಕ್ಕೆ ಒಂದು ಸಂಜೆ ಕೊಡಬಲ್ಲವರು ಶನಿವಾರ ಹಾಲ್‌ನಲ್ಲಿ ನನ್ನನ್ನು ಹುಡುಕಿ ಹೇಳಿ.